ಮುಂದಿನ ವಾರ ಅವರು ಬರುವುದಿಲ್ಲ

ಕಾರು ನುಜ್ಜುಗುಜ್ಜಾಗಿದೆ. ಒಳಗೆ ಒಬ್ಬ ಮನುಷ್ಯ ಕಣ್ಣು ಬಿಟ್ಟುಕೊಂಡೇ ಸಿಕ್ಕಿಕೊಂಡಿದ್ದಾನೆ. ಬದುಕಿದ್ದಾನೆ. ಆದರೆ ಕೈ ಎತ್ತಲು ಆಗುತ್ತಿಲ್ಲ, ತಲೆ ತಿರುಗಿಸಲು ಆಗುತ್ತಿಲ್ಲ, ಗಂಟಲಿನಿಂದ ಸಣ್ಣ ಸದ್ದೂ ಹೊರಡುತ್ತಿಲ್ಲ. ಅವನ ಮನಸ್ಸಿನ ಮಾತು ನಮಗೆ ಕೇಳಿಸುತ್ತಿದೆ, ಕಾರಿನ ಹತ್ತಿರ ಬಂದವರಿಗೆ ಕೇಳಿಸುತ್ತಿಲ್ಲ. ಸತ್ತಿದ್ದಾನೆ ಅಂತ ಅವರು ಅಂದುಕೊಳ್ಳುತ್ತಾರೆ. ಸಿಕ್ಕಿದ್ದನ್ನು ದೋಚುತ್ತಾರೆ. ಮೈಮೇಲಿನ ಬಟ್ಟೆಯನ್ನೂ ಬಿಡುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವನಿಗೆ ಒಂದು ವಿಷಯ ಗೊತ್ತಾಗುತ್ತದೆ. ಒಂದೇ ಒಂದು ಬೆರಳು ಅಲ್ಲಾಡುತ್ತಿದೆ.

ಆಮೇಲೆ ಉಳಿದಿರುವುದು ಆ ಬೆರಳು ಮಾತ್ರ. ಅದು ಟಕ್, ಟಕ್ ಅಂತ ಬಡಿಯುತ್ತದೆ. ಯಾರಾದರೂ ನೋಡುತ್ತಾರಾ? ಯಾರಾದರೂ ಕೇಳಿಸಿಕೊಳ್ಳುತ್ತಾರಾ?

ಇದು 1955ರ ನವೆಂಬರಿನಲ್ಲಿ ಅಮೆರಿಕದ ಟಿವಿಯಲ್ಲಿ, 'ಆಲ್ಫ್ರೆಡ್ ಹಿಚ್‌ಕಾಕ್ ಪ್ರೆಸೆಂಟ್ಸ್' ಸರಣಿಯಲ್ಲಿ ಬಂದ 'ಬ್ರೇಕ್‌ಡೌನ್' ಅನ್ನುವ ಕಂತು. ಸಸ್ಪೆನ್ಸ್ ಸಿನಿಮಾಗಳಿಗೆ ಹೆಸರಾದ ಹಿಚ್‌ಕಾಕ್ ಸ್ವತಃ ನಿರ್ದೇಶಿಸಿದ್ದು. ಕಾರಿನಲ್ಲಿ ಸಿಕ್ಕಿಕೊಂಡವನು ನಟ ಜೋಸೆಫ್ ಕಾಟನ್. ಎಷ್ಟೋ ಶಾಟ್‌ಗಳಲ್ಲಿ ಅವನ ಮುಖ ಫೋಟೋ ಹಾಗೆ ನಿಂತುಬಿಟ್ಟಿರುತ್ತದೆ. ನಟನಿಗೆ ಇರುವ ಎಲ್ಲ ಸಲಕರಣೆಗಳನ್ನೂ ಕಿತ್ತುಕೊಂಡು, ಈಗ ನಟಿಸು ಅಂದಹಾಗೆ. ಮೊದಲ ಸಲ ನೋಡಿದಾಗ ನನಗೇ ಗೊತ್ತಿಲ್ಲದೆ ನನ್ನ ಬೆರಳೂ ಕುರ್ಚಿಯ ಕೈಯನ್ನು ಬಡಿಯುತ್ತಿತ್ತು.

ಅವನು ಉಳಿದನಾ, ಇಲ್ಲವಾ? ಅದನ್ನು ಆಮೇಲೆ ಹೇಳುತ್ತೇನೆ. ಈಗ ಹೇಳಿದರೆ ನಾನು ಬರೆಯಲು ಹೊರಟಿರುವುದು ಅರ್ಥವಾಗುವುದಿಲ್ಲ. ಯಾಕೆಂದರೆ ನನ್ನನ್ನು ಇಷ್ಟು ವರ್ಷ ಈ ಹಳೆಯ ಕಪ್ಪು ಬಿಳುಪು ಕಂತುಗಳಿಗೆ ಕಟ್ಟಿಹಾಕಿರುವುದು ಇದೇ ಪ್ರಶ್ನೆ. ಇವನು ಉಳಿಯುತ್ತಾನಾ ಅಂತ ನಿಜವಾಗಿಯೂ ಗೊತ್ತಿಲ್ಲದೆ ಇರುವುದು.

ಇವತ್ತಿನ ಯಾವುದೇ ಧಾರಾವಾಹಿ ತಗೊಳ್ಳಿ. ನಾಯಕನನ್ನು ಕಟ್ಟಿಹಾಕುತ್ತಾರೆ, ತಲೆಗೆ ಬಂದೂಕು ಇಡುತ್ತಾರೆ, ಕಂತು ಅಲ್ಲಿಗೆ ಮುಗಿಯುತ್ತದೆ. ನಮಗೆ ಭಯ ಆಗುತ್ತದಾ? ಸ್ವಲ್ಪ ಆಗುತ್ತದೆ. ಆದರೆ ಒಳಗೆಲ್ಲೋ ಒಂದು ಸಮಾಧಾನ ಇದ್ದೇ ಇರುತ್ತದೆ. ಇನ್ನೂ ಆರು ಕಂತು ಬಾಕಿ ಇದೆ. ಮುಂದಿನ ಸೀಸನ್ ಪೋಸ್ಟರಿನಲ್ಲಿ ಅವನದೇ ಮುಖ ಇದೆ. ಹಾಗಿದ್ದ ಮೇಲೆ ಅವನಿಗೆ ಏನಾಗುತ್ತದೆ?

ಆಂಥಾಲಜಿಯಲ್ಲಿ ಆ ಸಮಾಧಾನ ಇಲ್ಲ. ಪ್ರತಿ ವಾರ ಹೊಸ ಕಥೆ, ಹೊಸ ಊರು, ಹೊಸ ಜನ. ಇವತ್ತು ಪರಿಚಯವಾದವರು ಮುಂದಿನ ವಾರ ಬರುವುದಿಲ್ಲ. ಬದುಕಿದರೂ ಬರುವುದಿಲ್ಲ, ಸತ್ತರೂ ಬರುವುದಿಲ್ಲ. ಅವರನ್ನು ಉಳಿಸಿಕೊಳ್ಳಬೇಕಾದ ಅಗತ್ಯ ಕಥೆಗಾರನಿಗಿಲ್ಲ. ಹಾಗಾಗಿ ಏನು ಬೇಕಾದರೂ ಆಗಬಹುದು. ನನ್ನ ಪ್ರಕಾರ ಸಸ್ಪೆನ್ಸ್ ಅನ್ನುವುದಕ್ಕೆ ಇದಕ್ಕಿಂತ ಹೊಂದುವ ರೂಪ ಇನ್ನೊಂದಿಲ್ಲ.

ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. 1960ರ ಜನವರಿಯಲ್ಲಿ ಹಿಚ್‌ಕಾಕ್ ಸರಣಿಯಲ್ಲಿ 'ಮ್ಯಾನ್ ಫ್ರಮ್ ದ ಸೌತ್' ಬಂತು. ರೋಲ್ಡ್ ಡಾಲ್ ಅವರ ಸಣ್ಣ ಕಥೆ, ನಿರ್ದೇಶನ ನಾರ್ಮನ್ ಲಾಯ್ಡ್ ಅವರದು. ಒಬ್ಬ ಯುವಕ ತನ್ನ ಸಿಗರೇಟ್ ಲೈಟರ್ ಯಾವತ್ತೂ ಕೈ ಕೊಡುವುದಿಲ್ಲ ಅನ್ನುತ್ತಾನೆ. ಒಬ್ಬ ವಯಸ್ಸಾದ ಅಪರಿಚಿತ ಪಂದ್ಯ ಕಟ್ಟುತ್ತಾನೆ. ಸತತವಾಗಿ ಹತ್ತು ಸಲ ಲೈಟರ್ ಹತ್ತಿದರೆ ನನ್ನ ಕಾರು ನಿನ್ನದು. ಒಂದು ಸಲ ತಪ್ಪಿದರೂ ನಿನ್ನ ಕಿರುಬೆರಳು ನನ್ನದು. ಮುದುಕ ಪೀಟರ್ ಲೋರಿ. ಯುವಕ ಸ್ಟೀವ್ ಮೆಕ್ವೀನ್.

ಕೋಣೆಗೆ ಹೋಗುತ್ತಾರೆ. ಎಡಗೈಯನ್ನು ಮೇಜಿಗೆ ಕಟ್ಟುತ್ತಾರೆ. ಕಿರುಬೆರಳು ಮಾತ್ರ ಹೊರಗೆ ಚಾಚಿಕೊಂಡಿದೆ. ಮುದುಕನ ಕೈಯಲ್ಲಿ ಕತ್ತಿ ಇದೆ. ಲೈಟರ್ ಮುಚ್ಚಳ ತೆಗೆಯುವ ಸದ್ದು. ಹೆಬ್ಬೆರಳು ಚಕ್ರದ ಮೇಲೆ. ಕಿಡಿ. ಜ್ವಾಲೆ. ಒಂದು. ಮುಚ್ಚಳ ಮುಚ್ಚುತ್ತದೆ. ಮತ್ತೆ ತೆಗೆಯುತ್ತದೆ. ಎರಡು. ಅಷ್ಟೇ. ಇದನ್ನು ಬರೆಯುವಾಗಲೂ ನನ್ನ ಎಡಗೈ ಮುದುಡಿಕೊಳ್ಳುತ್ತಿದೆ.

ಗಮನಿಸಬೇಕಾದ ಮಾತು ಇದು. ಆಗ ಮೆಕ್ವೀನ್ ಇನ್ನೊಂದು ಟಿವಿ ಸರಣಿಯಲ್ಲಿ ಪ್ರತಿ ವಾರ ಬರುತ್ತಿದ್ದ ಕೌಬಾಯ್ ನಾಯಕ. ಅಲ್ಲಿ ವಾರಕ್ಕೊಮ್ಮೆ ಗುಂಡಿನ ಸುರಿಮಳೆಯಿಂದ ಪಾರಾಗಿ ಬರುತ್ತಿದ್ದ. ನೋಡುವವರಿಗೂ ಅದು ಗೊತ್ತಿತ್ತು. ಇಲ್ಲಿ ಅದೇ ಮುಖ, ಅದೇ ಧೈರ್ಯ. ಆದರೆ ಒಂದು ಕಿರುಬೆರಳಿಗೂ ಗ್ಯಾರಂಟಿ ಇಲ್ಲ. ಅಲ್ಲಿ ನೂರು ಗುಂಡು ಹುಟ್ಟಿಸದ ಭಯವನ್ನು ಇಲ್ಲಿ ಒಂದು ಲೈಟರ್ ಹುಟ್ಟಿಸುತ್ತದೆ. ಕೊನೆಗೆ ಒಬ್ಬ ಹೆಂಗಸು ಒಳಗೆ ಬಂದು ಆಟ ನಿಲ್ಲಿಸುತ್ತಾಳೆ. ಆಮೇಲೆ ಅವಳ ಕೈ ಕಾಣಿಸುತ್ತದೆ. ಅದರಲ್ಲಿ ಎಷ್ಟು ಬೆರಳು ಉಳಿದಿವೆ ಅಂತ ನೋಡಿದ ಮೇಲೆ, ಅವಳು ಈ ಮುದುಕನ ಜೊತೆ ಕಳೆದ ವರ್ಷಗಳೆಲ್ಲ ಒಂದೇ ಕ್ಷಣದಲ್ಲಿ ನಮ್ಮ ಮುಂದೆ ಬಂದು ನಿಲ್ಲುತ್ತವೆ.

ಅದೇ 1960ರಲ್ಲಿ ಹಿಚ್‌ಕಾಕ್ 'ಸೈಕೋ' ಸಿನಿಮಾ ಮಾಡಿದರು. ಹೆಚ್ಚಾಗಿ ತಮ್ಮ ಟಿವಿ ತಂಡವನ್ನೇ ಇಟ್ಟುಕೊಂಡು, ಕಪ್ಪು ಬಿಳುಪಿನಲ್ಲಿ, ಸುಮಾರು 8 ಲಕ್ಷ ಡಾಲರ್ ಖರ್ಚಿನಲ್ಲಿ ಮುಗಿಸಿದರು. ಖರ್ಚು ಉಳಿಸಲು ಹಾಗೆ ಮಾಡಿದರು ಅಂತ ಹೇಳುತ್ತಾರೆ, ಅದು ನಿಜವೇ. ಆದರೆ ಆ ಸಿನಿಮಾ ಟಿವಿಯಿಂದ ತಂದದ್ದು ಕ್ಯಾಮೆರಾಮನ್‌ನನ್ನು ಮಾತ್ರ ಅಲ್ಲ ಅಂತ ನನಗೆ ಅನಿಸುತ್ತದೆ. ನಾವು ನಂಬಿಕೊಂಡು ಹಿಂದೆ ಹೋಗುತ್ತಿದ್ದ ನಾಯಕಿಯನ್ನು ಕಥೆ ಅರ್ಧವೂ ಆಗುವ ಮೊದಲೇ ತೆಗೆದುಬಿಡುವ ಆ ಧೈರ್ಯ, ವಾರವಾರವೂ ಪಾತ್ರಗಳನ್ನು ಬಿಟ್ಟುಕೊಟ್ಟು ಅಭ್ಯಾಸ ಇರುವವರಿಗೆ ಬರುವ ಧೈರ್ಯ.

ಈ ಸರಣಿಗಳ ಲೆಕ್ಕ ಸ್ವಲ್ಪ ಹೇಳಿಬಿಡುತ್ತೇನೆ. ಹಿಚ್‌ಕಾಕ್ ಸರಣಿ ಶುರುವಾಗಿದ್ದು 1955ರ ಅಕ್ಟೋಬರ್ 2ರಂದು. ಅರ್ಧ ಗಂಟೆಯ 268 ಕಂತುಗಳು ಬಂದವು. 1962ರಲ್ಲಿ ಅದನ್ನು ಒಂದು ಗಂಟೆಗೆ ಹಿಗ್ಗಿಸಿದರು, ಆಗ ಇನ್ನೂ 93 ಬಂದವು. 1965ಕ್ಕೆ ಮುಗಿಯಿತು. ಇಂಥದ್ದೇ ಇನ್ನೊಂದು ಆಂಥಾಲಜಿ, ವಿಚಿತ್ರ ಕಥೆಗಳದು, ರಾಡ್ ಸರ್ಲಿಂಗ್ ಅವರ 'ಟ್ವಿಲೈಟ್ ಝೋನ್'. ಶುರುವಾಗಿದ್ದು 1959ರಲ್ಲಿ, ಅದೂ ಅಕ್ಟೋಬರ್ 2ಕ್ಕೇ. ಐದು ಸೀಸನ್, 156 ಕಂತು. ಅದರಲ್ಲಿ 92 ಕಂತುಗಳನ್ನು ಸರ್ಲಿಂಗ್ ಒಬ್ಬರೇ ಬರೆದರು. ಅದರಲ್ಲೂ ನಾಲ್ಕನೇ ಸೀಸನ್ ಒಂದು ಗಂಟೆಯದು. ಎರಡೂ ಕಡೆ ಆ ಉದ್ದದ ಕಂತುಗಳು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಕೆಲವು ಚೆನ್ನಾಗಿವೆ, ಇಲ್ಲ ಅನ್ನುವುದಿಲ್ಲ. ಆದರೆ ಉಸಿರು ಬಿಗಿ ಹಿಡಿದು ಕೂರಲು ಒಂದು ಮಿತಿ ಇದೆ. ಇಪ್ಪತ್ತೈದು ನಿಮಿಷ ಹಿಡಿಯಬಹುದು. ಐವತ್ತು ನಿಮಿಷ ಅಂದರೆ ನಡುವೆ ಎಲ್ಲೋ ಬಿಟ್ಟುಬಿಡುತ್ತೇವೆ. ಒಮ್ಮೆ ಬಿಟ್ಟ ಉಸಿರನ್ನು ಮತ್ತೆ ಹಿಡಿಯುವುದು ಕಷ್ಟ.

ಇಪ್ಪತ್ತೈದು ನಿಮಿಷದಲ್ಲಿ ಯಾವುದಕ್ಕೂ ಪುರುಸೊತ್ತಿಲ್ಲ. ಮೂರು ನಿಮಿಷದಲ್ಲಿ ಒಬ್ಬ ಮನುಷ್ಯ ನಮ್ಮವನಾಗಬೇಕು. 1958ರ 'ಲ್ಯಾಂಬ್ ಟು ದ ಸ್ಲಾಟರ್' ನೋಡಿ. ಗಂಡ ಕೆಲಸದಿಂದ ಬರುತ್ತಾನೆ. ಹೆಂಡತಿ ಬಸುರಿ. ಅವನಿಗಾಗಿ ಕಾಯುತ್ತಿದ್ದಾಳೆ. ನಾನು ನಿನ್ನನ್ನು ಬಿಟ್ಟು ಹೋಗುತ್ತಿದ್ದೇನೆ ಅನ್ನುತ್ತಾನೆ. ಬಾರ್ಬರಾ ಬೆಲ್ ಗೆಡ್ಡೆಸ್ ಅವರ ಮುಖದಲ್ಲಿ ಆಗ ಕೂಗಾಟ ಏನೂ ಇಲ್ಲ. ಮಾತು ಕೇಳಿಸಿಲ್ಲವೇನೋ ಅನ್ನುವ ಹಾಗೆ ಅಡುಗೆ ಮಾಡಲು ಹೊರಡುತ್ತಾಳೆ. ಫ್ರೀಜರ್‌ನಿಂದ ಕಲ್ಲಿನ ಹಾಗೆ ಗಟ್ಟಿಯಾದ ಕುರಿಯ ತೊಡೆ ತೆಗೆಯುತ್ತಾಳೆ. ಅದರಿಂದಲೇ ಅವನ ತಲೆಗೆ ಹೊಡೆಯುತ್ತಾಳೆ. ಆಮೇಲೆ ಅದನ್ನೇ ಬೇಯಿಸಿ, ಆಯುಧ ಹುಡುಕಲು ಬಂದ ಪೊಲೀಸರಿಗೆ ಬಡಿಸುತ್ತಾಳೆ. ಅವಳು ಎಷ್ಟು ಒಂಟಿ, ಎಷ್ಟು ಮುರಿದುಹೋಗಿದ್ದಾಳೆ ಅಂತ ವಿವರಿಸಲು ಒಂದು ಮಾತೂ ಇಲ್ಲ. ಆ ಮುಖ ಸಾಕಾಗುತ್ತದೆ. ಕೊಲೆ ಮಾಡಿದವಳು ಸಿಕ್ಕಿಬೀಳದಿರಲಿ ಅಂತ ನಾವು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿರುತ್ತೇವೆ. ಎಂಥ ಜಾಗಕ್ಕೆ ನಮ್ಮನ್ನು ತಂದು ನಿಲ್ಲಿಸಿದರು ಅಂತ ಕಂತು ಮುಗಿದ ಮೇಲೆ ಗೊತ್ತಾಗುತ್ತದೆ.

ಆದರೆ ಆಗಿನ ಟಿವಿಯಲ್ಲಿ ಅಪರಾಧಿ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ತಪ್ಪು ಮಾಡಿದವರಿಗೆ ಶಿಕ್ಷೆ ಆಗಲೇಬೇಕು ಅನ್ನುವುದು ಆಗಿನ ಕಟ್ಟುಪಾಡು. ಅದಕ್ಕೆ ಕಥೆ ಮುಗಿದ ಮೇಲೆ ಹಿಚ್‌ಕಾಕ್ ಬಂದು ಎರಡು ಮಾತು ಹೇಳುತ್ತಾರೆ. ಈಕೆ ಎರಡನೇ ಗಂಡನನ್ನೂ ಹೀಗೇ ಮುಗಿಸಲು ಹೋದಳು, ಆದರೆ ಆ ಪುಣ್ಯಾತ್ಮ ಫ್ರೀಜರ್‌ನ ಪ್ಲಗ್ ಹಾಕುವುದನ್ನೇ ಮರೆತಿದ್ದ, ಮಾಂಸ ಮೆತ್ತಗಾಗಿತ್ತು. ನಿಯಮಕ್ಕೆ ಮರ್ಯಾದೆ ಕೊಟ್ಟಹಾಗೂ ಆಯಿತು, ಕಥೆಯನ್ನು ಮುಟ್ಟದೆ ಬಿಟ್ಟಹಾಗೂ ಆಯಿತು. ಜೇಮ್ಸ್ ಆಲರ್ಡೈಸ್ ಅನ್ನುವವರು ಈ ಮಾತುಗಳನ್ನು ಬರೆದುಕೊಡುತ್ತಿದ್ದರು. ಅವರ ಹೆಸರನ್ನು ಇನ್ನೂ ಜಾಸ್ತಿ ಜನ ನೆನಪಿಡಬೇಕಿತ್ತು ಅಂತ ನನ್ನ ಆಸೆ.

ನಿರೂಪಕರ ವಿಷಯ ಬಂತಲ್ಲ, ಅದು ಸುಮ್ನೆ ಅಲಂಕಾರಕ್ಕೆ ಇಟ್ಟದ್ದಲ್ಲ. ಪ್ರತಿ ವಾರ ಎಲ್ಲ ಪಾತ್ರಗಳೂ ಬದಲಾಗುವಾಗ ನಮಗೆ ಹಿಡಿದುಕೊಳ್ಳಲು ಒಂದು ಕೈ ಬೇಕಲ್ವಾ? ಒಂಬತ್ತು ಗೆರೆಗಳಲ್ಲಿ ಬರೆದ ಪಕ್ಕನೋಟದ ಮುಖ. ಫ್ರೆಂಚ್ ಸಂಗೀತಗಾರ ಗುನೋ ಅವರ ಗೊಂಬೆಯ ಶವಯಾತ್ರೆಯ ಸಂಗೀತ. ಹಿಚ್‌ಕಾಕ್ ನಿಧಾನಕ್ಕೆ ನಡೆದು ಬಂದು ಆ ಗೆರೆಗಳ ಒಳಗೆ ನಿಲ್ಲುತ್ತಾರೆ. ಅವರು ಗಡಿಬಿಡಿ ಮಾಡುವುದಿಲ್ಲ. ಹೆದರಿಸುವುದಿಲ್ಲ. ಬನ್ನಿ, ಕೂತ್ಕೊಳ್ಳಿ ಅನ್ನುವ ಹಾಗಿರುತ್ತದೆ. ಆ ನಂಬಿಕೆಯ ಮೇಲೆ ನಾವು ಒಳಗೆ ಹೋಗುತ್ತೇವೆ.

'ಟ್ವಿಲೈಟ್ ಝೋನ್' ನಿರೂಪಿಸುವ ಸರ್ಲಿಂಗ್ ಬೇರೆ ರೀತಿಯವರು. ಹಲ್ಲು ಕಚ್ಚಿ ಹಿಡಿದಂತಿರುವ ಮಾತು, ಕೈಯಲ್ಲಿ ಸಿಗರೇಟ್, ಮುಖದಲ್ಲಿ ನಿದ್ದೆಗೆಟ್ಟವರ ಬಿಗಿತ. ಎರಡನೇ ಮಹಾಯುದ್ಧದಲ್ಲಿ ಅವರು ಪ್ಯಾರಾಟ್ರೂಪರ್ ಆಗಿ ಫಿಲಿಪ್ಪೀನ್ಸ್‌ನಲ್ಲಿ ಹೋರಾಡಿದವರು. ಅಲ್ಲಿ ಅವರ ಗೆಳೆಯನೊಬ್ಬ ಸತ್ತದ್ದು ಶತ್ರುವಿನ ಗುಂಡಿಗಲ್ಲ. ಸೈನಿಕರಿಗೆ ಅಂತ ವಿಮಾನದಿಂದ ಎಸೆದ ಆಹಾರದ ಪೆಟ್ಟಿಗೆ ಅವನ ಮೇಲೆ ಬಿದ್ದು ಸತ್ತ. ಸರ್ಲಿಂಗ್ ಕಣ್ಣೆದುರೇ. ಈ ವಿಷಯ ಗೊತ್ತಾದ ಮೇಲೆ ಅವರ ಕಥೆಗಳು ನನಗೆ ಬೇರೆಯಾಗಿ ಕಾಣಲು ಶುರುವಾದವು. ಪಕ್ಕದಲ್ಲಿ ನಗುತ್ತಿದ್ದವನು ಮುಂದಿನ ನಿಮಿಷಕ್ಕೆ ಇರುತ್ತಾನೆ ಅನ್ನುವ ಖಾತ್ರಿ ಎಲ್ಲಿದೆ? ಅದನ್ನು ಕಂಡವರು ಬರೆದ ಕಥೆಯಲ್ಲಿ ಆ ಖಾತ್ರಿ ಹೇಗೆ ಬರುತ್ತದೆ?

ಅವರಲ್ಲಿ ಸಿಟ್ಟೂ ಇತ್ತು. 1955ರಲ್ಲಿ ಮಿಸ್ಸಿಸ್ಸಿಪ್ಪಿಯಲ್ಲಿ ಎಮೆಟ್ ಟಿಲ್ ಅನ್ನುವ 14 ವರ್ಷದ ಕಪ್ಪು ಹುಡುಗನನ್ನು ಕೊಂದರು. ಕೊಂದವರನ್ನು ಬಿಳಿಯರೇ ತುಂಬಿದ್ದ ಜ್ಯೂರಿ ಬಿಟ್ಟುಬಿಟ್ಟಿತು. ಅದರಿಂದ ನೊಂದು ಸರ್ಲಿಂಗ್ ಒಂದು ಟಿವಿ ನಾಟಕ ಬರೆದರು. 1956ರಲ್ಲಿ ಅದು ಪ್ರಸಾರವಾಗುವ ಹೊತ್ತಿಗೆ ಅದರ ಜೀವವನ್ನೇ ತೆಗೆದಿದ್ದರು. ಊರನ್ನು ಅಮೆರಿಕದ ದಕ್ಷಿಣದಿಂದ ಎತ್ತಿ ದೂರದ ಈಶಾನ್ಯದ ನ್ಯೂ ಇಂಗ್ಲೆಂಡ್‌ಗೆ ಹಾಕಿದರು. ದಕ್ಷಿಣವನ್ನು ನೆನಪಿಸಬಹುದು ಅಂತ ಕೋಕ ಕೋಲಾ ಬಾಟಲಿಯನ್ನೂ ಸೆಟ್‌ನಿಂದ ತೆಗೆಸಿದರು. ಸ್ಪಾನ್ಸರ್‌ಗೆ ಯಾರ ಮನಸ್ಸೂ ನೋಯಬಾರದಿತ್ತು.

ಮೂರು ವರ್ಷ ಆದ ಮೇಲೆ ಅದೇ ಸರ್ಲಿಂಗ್ 'ಟ್ವಿಲೈಟ್ ಝೋನ್'ಗೆ ಅನ್ಯಗ್ರಹದವರ ಕಥೆ ಬರೆಯಲು ಕೂತರು. ಈಗ ಯಾರೂ ಬಾಟಲಿ ಎಣಿಸಲು ಬರಲಿಲ್ಲ.

1960ರ ಮಾರ್ಚ್‌ನಲ್ಲಿ ಬಂದ 'ದ ಮಾನ್‌ಸ್ಟರ್ಸ್ ಆರ್ ಡ್ಯೂ ಆನ್ ಮೇಪಲ್ ಸ್ಟ್ರೀಟ್' ಅಂಥದ್ದು. ಒಂದು ಸಾಧಾರಣ ಬೀದಿ. ಇದ್ದಕ್ಕಿದ್ದಂತೆ ಕರೆಂಟ್ ಹೋಗುತ್ತದೆ, ಕಾರುಗಳೂ ಸ್ಟಾರ್ಟ್ ಆಗುವುದಿಲ್ಲ. ಪೀಟ್ ಅನ್ನುವ ನೆರೆಯವನು, ಪಕ್ಕದ ಬೀದಿಯಲ್ಲಿ ಹೇಗಿದೆ ನೋಡಿ ಬರುತ್ತೇನೆ ಅಂತ ಹೊರಡುತ್ತಾನೆ. ಅವನ ಬೆಲ್ಟಿಗೆ ಒಂದು ಸುತ್ತಿಗೆ ಸಿಕ್ಕಿಸಿದೆ. ಸುತ್ತಿಗೆ ಅಷ್ಟೇ. ಅವನು ಹೋದ ಮೇಲೆ ಬೀದಿಯವರು ಒಬ್ಬರನ್ನೊಬ್ಬರು ಅನುಮಾನಿಸಲು ಶುರು ಮಾಡುತ್ತಾರೆ. ನಮ್ಮಲ್ಲಿ ಯಾರೋ ಒಬ್ಬರು ಮನುಷ್ಯರಲ್ಲ. ರಾತ್ರಿ ಹೊತ್ತು ಎದ್ದು ಆಕಾಶ ನೋಡುತ್ತಾನಲ್ಲ, ಅವನೇ ಇರಬೇಕು. ಕತ್ತಲಾಗುತ್ತದೆ. ದೂರದಿಂದ ಒಂದು ಆಕೃತಿ ನಡೆದು ಬರುತ್ತಿದೆ. ಯಾರೋ ಬಂದೂಕು ತರುತ್ತಾರೆ. ಇನ್ನೊಬ್ಬ ಅದನ್ನು ಕಿತ್ತುಕೊಂಡು ಹಾರಿಸುತ್ತಾನೆ. ಹತ್ತಿರ ಹೋಗಿ ನೋಡಿದರೆ ಪೀಟ್. ಪಕ್ಕದ ಬೀದಿಗೆ ಹೋಗಿದ್ದವನು ಸುದ್ದಿ ತಗೊಂಡು ವಾಪಸ್ ಬರುತ್ತಿದ್ದ.

ಅನ್ಯಗ್ರಹದವರು ನಿಜವಾಗಿಯೂ ಇದ್ದಾರೆ. ಗುಡ್ಡದ ಮೇಲೆ ನಿಂತು ನೋಡುತ್ತಿದ್ದಾರೆ. ಅವರು ಮಾಡಿದ್ದು ಕರೆಂಟ್ ತೆಗೆದದ್ದು, ಹಾಕಿದ್ದು, ಅಷ್ಟೇ. ಅದು ನನ್ನನ್ನು ಕಾಡುವುದಿಲ್ಲ. ಕಾಡುವುದು ಆ ಸುತ್ತಿಗೆ. ಶುರುವಿನಲ್ಲಿ ಅದನ್ನು ನೋಡಿದಾಗ ಒಳ್ಳೆಯ ಮನುಷ್ಯ, ಏನೋ ರಿಪೇರಿ ಮಾಡುತ್ತಿದ್ದ ಅನಿಸುತ್ತದೆ. ಎರಡನೇ ಸಲ ನೋಡುವಾಗ ಅವನು ಬೀದಿ ತಿರುವಿನಲ್ಲಿ ಮರೆಯಾಗುವುದನ್ನೇ ನೋಡುತ್ತಾ, ಹೋಗಬೇಡ ಮಾರಾಯ ಅಂತ ಕೂಗಬೇಕು ಅನಿಸುತ್ತದೆ.

ಟ್ವಿಸ್ಟ್ ಗೊತ್ತಾದ ಮೇಲೆ ಇವುಗಳಲ್ಲಿ ಏನೂ ಉಳಿಯುವುದಿಲ್ಲ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಅದೇ ವರ್ಷದ 'ಐ ಆಫ್ ದ ಬಿಹೋಲ್ಡರ್' ಕಂತಿನಲ್ಲಿ ಮುಖಕ್ಕೆಲ್ಲ ಬ್ಯಾಂಡೇಜ್ ಸುತ್ತಿದ ಹೆಂಗಸು ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ಡಾಕ್ಟರು, ನರ್ಸುಗಳ ಮುಖ ನೆರಳಿನಲ್ಲೇ ಇರುತ್ತದೆ. ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ. ಆದರೆ ಎರಡನೇ ಸಲ ನೋಡುವಾಗ ನಾನು ನಿರ್ದೇಶಕ ಡಗ್ಲಸ್ ಹೇಯ್ಸ್ ಅವರ ಬೆಳಕನ್ನು ನೋಡುತ್ತಿರುತ್ತೇನೆ. ಪ್ರತಿಯೊಬ್ಬರೂ ತಿರುಗುವ ಹೊತ್ತಿಗೆ ಸರಿಯಾಗಿ ಒಂದು ಪರದೆ, ಒಂದು ಬೆನ್ನು, ಒಂದು ನೆರಳು ಅಡ್ಡ ಬರುತ್ತದೆ. ಬ್ಯಾಂಡೇಜ್ ಒಳಗಿನ ನಟಿ ಮ್ಯಾಕ್ಸಿನ್ ಸ್ಟುವರ್ಟ್, ಬಿಚ್ಚಿದ ಮೇಲೆ ಕಾಣುವವಳು ಡೊನ್ನಾ ಡಗ್ಲಸ್. ಒಬ್ಬಳ ನೋವು ಇನ್ನೊಬ್ಬಳ ಮುಖಕ್ಕೆ ಹೊಲಿಗೆ ಕಾಣದ ಹಾಗೆ ಸೇರಿದೆ.

ಈಗ ಅಮ್ಮನ ವಿಷಯಕ್ಕೆ ಬರುತ್ತೇನೆ.

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಒಂದು ರಾತ್ರಿ ನಿದ್ದೆ ಬರದೆ ಎದ್ದು ಬಂದು ನನ್ನ ಪಕ್ಕ ಕೂತರು. ಏನು ನೋಡ್ತಿದೀಯ ಅಂದರು. ನಾನು 'ಟ್ವಿಲೈಟ್ ಝೋನ್'ನ 'ದ ಇನ್ವೇಡರ್ಸ್' ಹಾಕಿದೆ. 1961ರದು, ಬರೆದವರು ರಿಚರ್ಡ್ ಮ್ಯಾಥಿಸನ್. ಅದನ್ನು ಆರಿಸಲು ಕಾರಣ ಇತ್ತು. ಇಡೀ ಕಥೆಯಲ್ಲಿ ನಾಯಕಿ ಒಂದು ಮಾತೂ ಆಡುವುದಿಲ್ಲ. ಒಂಟಿ ಮನೆಯಲ್ಲಿ ಒಬ್ಬಳು ಬಡ ಹೆಂಗಸು. ಮಾಳಿಗೆಯ ಮೇಲೆ ಸದ್ದು. ಹತ್ತಿ ನೋಡಿದರೆ ಪುಟ್ಟ ಹಾರುವ ತಟ್ಟೆ, ಅದರಿಂದ ಇಳಿದ ಗೇಣುದ್ದದ ಜೀವಿಗಳು. ಅವು ಅವಳ ಮೇಲೆ ಬೀಳುತ್ತವೆ. ಅವಳ ಅಡುಗೆಮನೆಯ ಚಾಕುವೇ ಅವಳ ಮೇಲೆ ತಿರುಗುತ್ತದೆ. ಅವಳು ನರಳುತ್ತಾಳೆ, ಏದುಸಿರು ಬಿಡುತ್ತಾಳೆ, ಕೊನೆಗೆ ಕೊಡಲಿ ಎತ್ತಿಕೊಳ್ಳುತ್ತಾಳೆ.

ಆ ನಟಿ ಆಗ್ನೆಸ್ ಮೂರ್‌ಹೆಡ್. ಇದಕ್ಕೆ ಹದಿನೆಂಟು ವರ್ಷ ಮೊದಲು, 1943ರಲ್ಲಿ, ರೇಡಿಯೋದ 'ಸಸ್ಪೆನ್ಸ್' ಸರಣಿಯಲ್ಲಿ ಅವರು ಹಾಸಿಗೆ ಹಿಡಿದ ಹೆಂಗಸಾಗಿದ್ದರು. ಫೋನ್ ಲೈನ್ ಅಡ್ಡ ಸೇರಿ ಒಂದು ಕೊಲೆಯ ಸಂಚು ಕೇಳಿಸಿಕೊಳ್ಳುವ ಹೆಂಗಸು. ಅಲ್ಲಿ ಅವರಿಗೆ ಇದ್ದದ್ದು ಧ್ವನಿ ಮಾತ್ರ. ಇಲ್ಲಿ ಅದನ್ನೇ ಕಿತ್ತುಕೊಂಡು ಮೈಯನ್ನು ಮಾತ್ರ ಕೊಟ್ಟಿದ್ದಾರೆ. ಎರಡರಲ್ಲೂ ಭಯ ಒಂದು ಕೂದಲೆಳೆಯಷ್ಟೂ ಕಡಿಮೆ ಇಲ್ಲ.

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನೋಡುತ್ತಿದ್ದರು. ಅವಳು ಕೊಡಲಿ ಬೀಸಿದಾಗ, ಹೊಡಿ ಅಂದರು. ಜೋರಾಗಿಯೇ ಅಂದರು. ಆಮೇಲೆ ಆ ತಟ್ಟೆಯ ಒಳಗಿನಿಂದ ಕೊನೆಯ ರೇಡಿಯೋ ಸಂದೇಶ ಕೇಳುತ್ತದೆ, ತಟ್ಟೆಯ ಮೇಲಿನ ಅಕ್ಷರ ಕಾಣುತ್ತದೆ. ಅಮೆರಿಕದ ವಾಯುಪಡೆ. ಅಂದರೆ ಆ ಪುಟ್ಟ ಜೀವಿಗಳೇ ನಮ್ಮವರು, ಭೂಮಿಯವರು. ಹೆಂಗಸು ಬೇರೆ ಗ್ರಹದ ದೈತ್ಯೆ. ಅಲ್ಲಿ ಮಾತ್ರ ನಾನು ಕನ್ನಡದಲ್ಲಿ ಹೇಳಬೇಕಾಯಿತು.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಪಾಪ, ಅವರೂ ಹೆದರಿದ್ದರು ಅಲ್ವಾ?" ಅಂದರು.

ಅವರು ಅಂದರೆ ಯಾರು ಅಂತ ನಾನು ಕೇಳಲಿಲ್ಲ.

ಅಲ್ಲಿಂದ ಅದು ಅಭ್ಯಾಸವಾಯಿತು. ವಾರಕ್ಕೆ ಒಂದೋ ಎರಡೋ ರಾತ್ರಿ. ನಾನು ಮೆಲ್ಲಗೆ ಮಾತುಗಳನ್ನು ಕನ್ನಡಕ್ಕೆ ತಿರುಗಿಸುತ್ತಿದ್ದೆ, ಅವರು ಕೇಳಿಸಿಕೊಳ್ಳುತ್ತಿದ್ದರು. ಮುಂದೇನು ಅಂತ ಊಹಿಸುತ್ತಿದ್ದರು. ಒಂದು ಕಂತಿಗೆ ಮಾತ್ರ ಸಿಟ್ಟು ಮಾಡಿಕೊಂಡರು. ಓದುವ ಹುಚ್ಚಿನ ಬ್ಯಾಂಕ್ ಗುಮಾಸ್ತನ ಕಥೆ. ಲೋಕವೆಲ್ಲ ನಾಶವಾಗಿ, ಪುಸ್ತಕ ಓದಲು ಕೊನೆಗೂ ಬೇಕಾದಷ್ಟು ಸಮಯ ಸಿಕ್ಕಿದಾಗ ಅವನ ಕನ್ನಡಕ ಒಡೆದುಹೋಗುತ್ತದೆ. ಎಲ್ಲರೂ ಮೆಚ್ಚುವ ಕಂತು ಅದು. ಬರ್ಜೆಸ್ ಮೆರಿಡಿತ್ ಅವರ ನಟನೆಗೆ ನಾನೂ ಕೈ ಮುಗಿಯುತ್ತೇನೆ. ಆದರೆ ಅಮ್ಮ, "ಅವನು ಏನು ತಪ್ಪು ಮಾಡಿದ್ದ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಆ ಕೊನೆ ನನಗೆ ಕ್ರೂರ ಅನಿಸುತ್ತದೆ.

'ಬ್ರೇಕ್‌ಡೌನ್' ನೋಡಿದ್ದೂ ಹಾಗೇ ಒಂದು ರಾತ್ರಿ. ನಾನು ಮೊದಲು ಹೇಳದೆ ಬಿಟ್ಟ ಒಂದು ಭಾಗ ಇದೆ. ಅಪಘಾತಕ್ಕೆ ಮುಂಚೆ ಆ ಮನುಷ್ಯ ಫೋನಿನಲ್ಲಿ ತನ್ನ ಹಳೆಯ ನೌಕರನೊಬ್ಬನನ್ನು ಕೆಲಸದಿಂದ ತೆಗೆದುಹಾಕುತ್ತಾನೆ. ಆ ಕಡೆಯವನು ಅಳುತ್ತಾನೆ. ಇವನಿಗೆ ಅದು ಅಸಹ್ಯ. ಗಂಡಸು ಅಳುವುದು ಅಂದರೇನು ಅನ್ನುವ ಸ್ವಭಾವದವನು. ಅಮ್ಮನಿಗೆ ಅವನ ಮೇಲೆ ಆಗಲೇ ಕೋಪ ಬಂದಿತ್ತು. ಅಪಘಾತ ಆದಾಗ ಏನೂ ಅನ್ನಲಿಲ್ಲ.

ಬೆರಳಿನ ಸದ್ದು ಯಾರ ಗಮನಕ್ಕೂ ಬರುವುದಿಲ್ಲ. ಅವನನ್ನು ಶವಾಗಾರಕ್ಕೆ ತರುತ್ತಾರೆ. ಅವನ ಮನಸ್ಸು ಒಳಗೇ ಕಿರುಚುತ್ತಿದೆ. ಅಲ್ಲಿಯವರೆಗೆ ಅವನ ಪ್ರತಿ ಮಾತನ್ನೂ ನಾನು ಅಮ್ಮನಿಗೆ ಪಿಸುಗುಡುತ್ತಾ ಬಂದಿದ್ದೆ. ಕೊನೆಯ ಎರಡು ನಿಮಿಷ ನನಗೆ ಹೇಳಲು ಆಗಲಿಲ್ಲ. ಅಮ್ಮನೂ ಕೇಳಲಿಲ್ಲ. ಪರದೆಯ ತುಂಬ ಆ ಮುಖವೇ ಇತ್ತು. ಅಲ್ಲಾಡದ ಮುಖ. ಅದರ ಕಣ್ಣಿನಲ್ಲಿ ನೀರು ತುಂಬಿತು.

"ಅಳ್ತಿದಾನೆ," ಅಂದರು ಅಮ್ಮ. ಶವಾಗಾರದ ಮನುಷ್ಯನಿಗಿಂತ ಮೊದಲೇ ಅವರು ನೋಡಿದ್ದರು.